ಸಿಕ್ಕಿದ ಗ್ರಹವೂ ಸಿಕ್ಕದ ಗ್ರಹವೂ

ಪಂಚಾಂಗದಲ್ಲಿ ಬರೆದಿರುವ ಹೊತ್ತಿಗೆ ಸರಿಯಾಗಿ ಗ್ರಹಣ ಹಿಡಿದರೆ ನಮ್ಮಲ್ಲಿ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಸ್ಪರ್ಶಕಾಲದಲ್ಲಿ ಐದು ನಿಮಿಷ ಹೆಚ್ಚುಕಡಮೆಯಾದರೆ ಮಾತ್ರ ಮನೆಮಂದಿಯೆಲ್ಲ ಗಡಿಯಾರದ ಕಡೆ ನೋಡುತ್ತಾರೆ. ಗಡಿಯಾರ ಸರಿಯಾಗಿದೆಯೆಂದು ಗೊತ್ತಾದ ಬಳಿಕ ಪಂಚಾಂಗ ಬರೆದ ಜೋಯಿಸರ ಲೆಕ್ಕವನ್ನು ಅನುಮಾನಿಸುತ್ತಾರೆ. ಸೂರ್ಯಚಂದ್ರರೇ ದಾರಿ ತಪ್ಪಿದರೆಂದು ಹೇಳುವ ಧೈರ್ಯ ಯಾರಿಗೂ ಬರುವುದಿಲ್ಲ.

ಆದರೆ ಲೆಕ್ಕವನ್ನು ಹತ್ತು ಸಲ ಮಾಡಿ ನೋಡಿದರೂ ಅದು ಸರಿಯಾಗಿಯೇ ಇದ್ದು, ಗಡಿಯಾರವೂ ಸರಿಯಾಗಿಯೇ ಇದ್ದು, ಆಕಾಶ ಮಾತ್ರ ಲೆಕ್ಕಕ್ಕೆ ಒಪ್ಪದೆ ಹೋದರೆ ಏನು ಮಾಡಬೇಕು? ಆಗ ತಪ್ಪು ಲೆಕ್ಕಕ್ಕೆ ಆಧಾರವಾದ ನಿಯಮದಲ್ಲಿಯೇ ಇರಬಹುದು. ಅಥವಾ ನಿಯಮ ಸರಿಯಾಗಿದ್ದು, ನಾವು ಲೆಕ್ಕಕ್ಕೆ ತೆಗೆದುಕೊಳ್ಳದಿರುವ ಯಾವುದೋ ಒಂದು ವಸ್ತು ಕಣ್ಣಿಗೆ ಕಾಣದೆ ಅಲ್ಲಿ ಇರಬಹುದು. ಈ ಎರಡರಲ್ಲಿ ಯಾವುದು ನಿಜವೆಂದು ಮೇಜಿನ ಮುಂದೆ ಕುಳಿತು ಯೋಚಿಸಿದ ಮಾತ್ರಕ್ಕೆ ಗೊತ್ತಾಗುತ್ತದೆಯೆ? ಖಗೋಳಶಾಸ್ತ್ರದಲ್ಲಿ ಕುತೂಹಲವುಳ್ಳ ತರುಣರು ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಇದೆಲ್ಲ ಅವರಿಗೆ ಹೇಗೆ ಗೊತ್ತಾಯಿತು? ಅದಕ್ಕೆ ಉತ್ತರವಾಗಿ ಈ ದಿನ ಎರಡು ಗ್ರಹಗಳ ವೃತ್ತಾಂತವನ್ನು ಹೇಳಲು ಬಯಸುತ್ತೇವೆ. ಎರಡನ್ನೂ ಲೆಕ್ಕದಿಂದ ಊಹಿಸಿದವನು ಒಬ್ಬನೇ. ಬಳಸಿದ ನಿಯಮ ಒಂದೇ. ಹಿಡಿದ ದಾರಿಯೂ ಒಂದೇ. ಒಂದು ಗ್ರಹ ಆಕಾಶದಲ್ಲಿ ಇದೆ. ಇನ್ನೊಂದು ಎಂದೂ ಇರಲಿಲ್ಲ.

ಲೆಕ್ಕಕ್ಕೂ ಆಕಾಶಕ್ಕೂ ಹೊಂದಿಕೆ ತಪ್ಪುವ ಕಷ್ಟ ನಮ್ಮ ದೇಶದ ಗಣಕರಿಗೆ ಹೊಸದಲ್ಲ. ಸಿದ್ಧಾಂತಗ್ರಂಥಗಳ ರೀತಿಯಲ್ಲಿ ಗಣಿಸಿದ ಗ್ರಹಸ್ಥಾನಕ್ಕೂ ಕಣ್ಣಿಗೆ ಕಾಣುವ ಸ್ಥಾನಕ್ಕೂ ಕಾಲಕ್ರಮದಲ್ಲಿ ವ್ಯತ್ಯಾಸ ಕಂಡುಬಂದಾಗ ಅವರು ಬೀಜಸಂಸ್ಕಾರವೆಂಬ ತಿದ್ದುಪಾಟನ್ನು ಕೂಡಿಸಿ ಲೆಕ್ಕವನ್ನು ಸರಿಪಡಿಸಿಕೊಳ್ಳುತ್ತಿದ್ದರು. ದೃಕ್ ಪಂಚಾಂಗ ಮೇಲೋ ವಾಕ್ಯ ಪಂಚಾಂಗ ಮೇಲೋ ಎಂಬ ಚರ್ಚೆಯ ಮೂಲವೂ ಇದೇ. ಬೀಜಸಂಸ್ಕಾರ ಪ್ರಾಮಾಣಿಕವಾದ ಕೆಲಸ. ಗ್ರಂಥದ ಮಾತಿಗಿಂತ ಕಣ್ಣಿನ ಸಾಕ್ಷಿಯನ್ನು ಅದು ಹೆಚ್ಚೆಂದು ಒಪ್ಪುತ್ತದೆ. ಆದರೆ ವ್ಯತ್ಯಾಸ ಏಕೆ ಬಂದಿತೆಂಬುದನ್ನು ಅದು ಹೇಳುವುದಿಲ್ಲ. ಆ ‘ಏಕೆ’ ಎಂಬುದನ್ನು ಕೇಳುವ ಸಾಮರ್ಥ್ಯ ಬಂದದ್ದು 1687ರಲ್ಲಿ ನ್ಯೂಟನ್ನನು ಗುರುತ್ವಾಕರ್ಷಣ ನಿಯಮವನ್ನು ಪ್ರಕಟಿಸಿದ ಮೇಲೆ.

ಆ ನಿಯಮ ನಮ್ಮ ಶ್ರೋತೃಗಳಿಗೆ ತಿಳಿದದ್ದೇ. ವಿಶ್ವದಲ್ಲಿ ಪ್ರತಿಯೊಂದು ವಸ್ತುವೂ ಇತರ ಎಲ್ಲ ವಸ್ತುಗಳನ್ನೂ ಸೆಳೆಯುತ್ತದೆ; ದೂರ ಎರಡರಷ್ಟಾದರೆ ಸೆಳೆತ ನಾಲ್ಕರಲ್ಲಿ ಒಂದು ಪಾಲಾಗುತ್ತದೆ, ಮೂರರಷ್ಟಾದರೆ ಒಂಬತ್ತರಲ್ಲಿ ಒಂದು ಪಾಲಾಗುತ್ತದೆ. ಸೂರ್ಯನ ಸುತ್ತ ಗ್ರಹವೊಂದೇ ಇದ್ದಿದ್ದರೆ ಅದು ಒಂದೇ ದೀರ್ಘವೃತ್ತದಲ್ಲಿ ಶಾಶ್ವತವಾಗಿ ಸುತ್ತುತ್ತಿರಬೇಕು. ಗ್ರಹಗಳು ಹಲವಾಗಿರುವುದರಿಂದ ಅವು ಒಂದನ್ನೊಂದು ಸೆಳೆದು ತಮ್ಮ ತಮ್ಮ ದಾರಿಯಿಂದ ತುಸು ತುಸು ಕದಲುತ್ತವೆ. ಈ ಕದಲಿಕೆಯನ್ನೂ ಲೆಕ್ಕ ಹಾಕಬಹುದು. ಹ್ಯಾಲಿಯ ಧೂಮಕೇತು ಗುರುಶನಿಗಳ ಸೆಳೆತದಿಂದ ತಡವಾಗಿ ಬರುತ್ತದೆಂದು ಫ್ರಾನ್ಸಿನ ಗಣಿತಜ್ಞರು ಹೇಳಿದರು. 1759ರಲ್ಲಿ ಅದು ಅವರು ಹೇಳಿದ್ದಕ್ಕೆ ಒಂದು ತಿಂಗಳ ಅಂತರದೊಳಗೆ ಸೂರ್ಯನನ್ನು ಸಮೀಪಿಸಿತು. ಅಂದಿನಿಂದ ಆ ನಿಯಮದಲ್ಲಿ ಪಂಡಿತರ ನಂಬಿಕೆ ಬೇರೂರಿತು.

ಇಂತಿರಲು 1781ನೆಯ ಮಾರ್ಚಿ 13ರ ರಾತ್ರಿ, ಇಂಗ್ಲೆಂಡಿನ ಬಾತ್ ಎಂಬ ಊರಿನಲ್ಲಿ ಸಂಗೀತವೃತ್ತಿಯಿಂದ ಜೀವಿಸುತ್ತಿದ್ದ ವಿಲಿಯಂ ಹರ್ಷೆಲನು ತಾನೇ ತಯಾರಿಸಿದ ದೂರದರ್ಶಕದಲ್ಲಿ ಹೊಸ ಕಾಯವೊಂದನ್ನು ಕಂಡನು. ಧೂಮಕೇತುವೆಂದು ಮೊದಲು ಭಾವಿಸಿದ್ದು ಶನಿಗ್ರಹದ ಆಚೆ ಸುತ್ತುವ ಗ್ರಹವೆಂದು ತಿಳಿದುಬಂತು. ಅದೇ ಯುರೇನಸ್. ಅದು ಸೂರ್ಯನನ್ನು ಒಂದು ಸಲ ಸುತ್ತಲು 84 ವರ್ಷ ಬೇಕು. ಹಿಂದಿನ ಜ್ಯೋತಿರ್ವಿದರು ಇದನ್ನು ನಕ್ಷತ್ರವೆಂದು ತಿಳಿದು ತಮ್ಮ ಪಟ್ಟಿಗಳಲ್ಲಿ ಹಲವು ಬಾರಿ ಬರೆದಿಟ್ಟಿದ್ದರೆಂಬುದೂ ಪತ್ತೆಯಾಯಿತು. ಅವುಗಳಲ್ಲಿ ಅತಿ ಹಳೆಯದು 1690ರಲ್ಲಿ ಗ್ರೀನಿಚ್ಚಿನ ಫ್ಲ್ಯಾಮ್‌ಸ್ಟೀಡನು ಬರೆದದ್ದು. ಹಳೆಯ ದಾಖಲೆಗಳು ಸಿಕ್ಕಿದ್ದು ಗಣಕರಿಗೆ ನಿಧಿ ಸಿಕ್ಕಿದಂತಾಯಿತು. ಆದರೆ ಆ ನಿಧಿಯಿಂದಲೇ ತೊಂದರೆಯೂ ಮೊದಲಾಯಿತು. 1821ರಲ್ಲಿ ಬೂವಾರ್ ಎಂಬವನು ಯುರೇನಸ್ಸಿನ ಚಲನೆಯ ಕೋಷ್ಟಕಗಳನ್ನು ರಚಿಸಲು ಹೊರಟಾಗ ಹಳೆಯ ವೀಕ್ಷಣೆಗಳೂ ಹೊಸ ವೀಕ್ಷಣೆಗಳೂ ಒಂದೇ ಕಕ್ಷೆಗೆ ಕೂಡಿಬರಲಿಲ್ಲ. ಹಳಬರು ಎಚ್ಚರಿಕೆಯಿಲ್ಲದೆ ಬರೆದಿರಬೇಕೆಂದು ಅವುಗಳನ್ನು ಕೈಬಿಟ್ಟು ಅವನು ಕೋಷ್ಟಕಗಳನ್ನು ಮುಗಿಸಿದನು. ಕೆಲವೇ ವರ್ಷಗಳಲ್ಲಿ ಗ್ರಹ ಆ ಕೋಷ್ಟಕಗಳನ್ನೂ ಮೀರಿ ನಡೆಯತೊಡಗಿತು. ಸತ್ತವರ ಮೇಲೆ ತಪ್ಪು ಹೊರಿಸಿ ಪಾರಾಗುವುದು ಅಲ್ಲಿಗೆ ಮುಗಿಯಿತು.

ತಪ್ಪು ಎಷ್ಟೆಂಬುದನ್ನು ಹೇಳಬೇಕಾದರೆ ಅಳತೆಯನ್ನು ಜ್ಞಾಪಿಸಿಕೊಳ್ಳಬೇಕು. ವೃತ್ತಕ್ಕೆ 360 ಅಂಶ, ಅಂಶಕ್ಕೆ 60 ಕಲೆ, ಕಲೆಗೆ 60 ವಿಕಲೆ. ಪೂರ್ಣಚಂದ್ರನ ಅಗಲ ಸುಮಾರು 31 ಕಲೆ. 1845ರ ವೇಳೆಗೆ ಯುರೇನಸ್ಸು ಕೋಷ್ಟಕ ತೋರಿಸಿದ ಸ್ಥಾನದಿಂದ ಸರಿದಿದ್ದದ್ದು ಎರಡು ಕಲೆಗಳಷ್ಟು, ಎಂದರೆ ಚಂದ್ರಬಿಂಬದ ಹದಿನೈದರಲ್ಲಿ ಒಂದು ಪಾಲು. ವ್ಯವಹಾರದಲ್ಲಿ ನಾವು ಲೆಕ್ಕಿಸದೆ ಬಿಡುವಷ್ಟು ಚಿಕ್ಕದು. ಅಂಗಡಿಯ ತಕ್ಕಡಿಯಲ್ಲಿ ಇಷ್ಟು ಸಣ್ಣ ವ್ಯತ್ಯಾಸಕ್ಕೆ ಜಗಳವಾಡುವವರನ್ನು ಜಿಪುಣರೆಂದು ಕರೆಯುತ್ತೇವೆ. ಖಗೋಳಶಾಸ್ತ್ರದಲ್ಲಿ ಇಂಥ ಜಿಪುಣತನವಿಲ್ಲದಿದ್ದರೆ ಏನೂ ನಡೆಯುತ್ತಿರಲಿಲ್ಲ.

ಕಾರಣವೇನೆಂಬುದಕ್ಕೆ ಬಗೆಬಗೆಯ ಊಹೆಗಳು ಹುಟ್ಟಿದವು. ಧೂಮಕೇತುವೊಂದು ಬಡಿದಿರಬಹುದೆಂದರು. ಅಷ್ಟು ದೂರದಲ್ಲಿ ನ್ಯೂಟನ್ನನ ನಿಯಮವೇ ಸ್ವಲ್ಪ ಬದಲಾಗಬಹುದೆಂದು ಗ್ರೀನಿಚ್ಚಿನ ರಾಜಜ್ಯೋತಿರ್ವಿದನಾದ ಏಯರಿಯಂಥವರೇ ಶಂಕಿಸಿದರು. ಅದರಾಚೆ ಇನ್ನೊಂದು ಗ್ರಹವಿದ್ದು ಅದು ಯುರೇನಸ್ಸನ್ನು ಸೆಳೆಯುತ್ತಿರಬೇಕೆಂದು ಮತ್ತೆ ಕೆಲವರು. ಹಾಗೆಂದುಬಿಡುವುದು ಸುಲಭ. ಜಾತ್ರೆಯ ಜನಸಂದಣಿಯಲ್ಲಿ ಮಗುವೊಂದು ಒಂದು ಪಕ್ಕಕ್ಕೆ ವಾಲಿಕೊಂಡು ನಡೆಯುವುದನ್ನು ಕಂಡರೆ ಯಾರೋ ಅದರ ಕೈಹಿಡಿದು ಎಳೆಯುತ್ತಿದ್ದಾರೆಂದು ಎಲ್ಲರೂ ಹೇಳಬಲ್ಲರು. ಆ ವಾಲಿಕೆಯನ್ನಷ್ಟೇ ನೋಡಿ, ಎಳೆಯುವವರು ಎಷ್ಟು ದೂರದಲ್ಲಿದ್ದಾರೆ, ಯಾವ ದಿಕ್ಕಿನಲ್ಲಿದ್ದಾರೆ, ಎಷ್ಟು ಬಲಶಾಲಿಗಳು ಎಂದು ಹೇಳುವವರು ಯಾರು? ಪ್ಯಾರಿಸ್ಸಿನ ಲೆವೆರಿಯೆ ಎಂಬ ಗಣಿತಜ್ಞನು ಇದನ್ನೇ ಹೇಳಲು ಕೈಹಾಕಿದನು. ಯುರೇನಸ್ಸು 1822ರ ಸುಮಾರಿನವರೆಗೆ ಲೆಕ್ಕಕ್ಕಿಂತ ಮುಂದೆ ಮುಂದೆ ಓಡುತ್ತಿದ್ದು ಆಮೇಲೆ ಹಿಂದೆ ಬೀಳತೊಡಗಿತ್ತು. ಅದೃಶ್ಯ ಗ್ರಹವನ್ನು ಅದು ಹಿಂದಿನಿಂದ ಹಿಡಿಯುವವರೆಗೆ ಆ ಗ್ರಹ ಮುಂದಕ್ಕೆ ಸೆಳೆಯುತ್ತಿತ್ತು. ದಾಟಿದ ಬಳಿಕ ಹಿಂದಕ್ಕೆ ಜಗ್ಗಿತು. ಇಷ್ಟನ್ನು ಹಿಡಿದು, ಪುಟಗಟ್ಟಲೆ ಸಮೀಕರಣಗಳನ್ನು ಬಿಡಿಸಿ, 1846ನೆಯ ಆಗಸ್ಟು 31ರಂದು ಅವನು ಹೊಸ ಗ್ರಹ ಆಕಾಶದಲ್ಲಿ ಇರಬೇಕಾದ ಸ್ಥಾನವನ್ನು ಪ್ರಕಟಿಸಿದನು.

ಅವನ ಊರಿನ ವೀಕ್ಷಕರು ಹುಡುಕುವ ಉತ್ಸಾಹ ತೋರಲಿಲ್ಲ. ಆದಕಾರಣ ಅವನು ಸೆಪ್ಟೆಂಬರು 18ರಂದು ಬರ್ಲಿನ್ ವೀಕ್ಷಣಾಲಯದಲ್ಲಿ ಸಹಾಯಕನಾಗಿದ್ದ ಗಾಲೆಗೆ ಕಾಗದ ಬರೆದನು. ಕಾಗದ ತಲುಪಿದ್ದು 23ರಂದು. ಅದೇ ರಾತ್ರಿ ಗಾಲೆ ದೂರದರ್ಶಕವನ್ನು ಆ ಕಡೆ ತಿರುಗಿಸಿದನು. ಎಲ್ಲವೂ ನಕ್ಷತ್ರಗಳಂತೆಯೇ ಕಂಡವು. ಆಗ ದಾರೆ ಎಂಬ ವಿದ್ಯಾರ್ಥಿ, ಆಕಾಶದ ಆ ಭಾಗದ ಹೊಸ ನಕ್ಷತ್ರಪಟವೊಂದು ಅಚ್ಚಾಗಿ ಬಂದಿದೆ, ಅದರೊಡನೆ ಹೋಲಿಸಿ ನೋಡಬಹುದಲ್ಲ ಎಂದು ಸೂಚಿಸಿದನು. ಗಾಲೆ ದೂರದರ್ಶಕದಲ್ಲಿ ಕಂಡ ಒಂದೊಂದು ನಕ್ಷತ್ರದ ಸ್ಥಾನವನ್ನೂ ಕೂಗಿ ಹೇಳುವುದು, ವಿದ್ಯಾರ್ಥಿ ಪಟದಲ್ಲಿ ಅದನ್ನು ಬೆರಳಿಟ್ಟು ಹುಡುಕುವುದು, ಹೀಗೆ ಸ್ವಲ್ಪ ಹೊತ್ತು ನಡೆಯುವಷ್ಟರಲ್ಲಿ ಪಟದಲ್ಲಿಲ್ಲದ ಒಂದು ಚುಕ್ಕೆ ಸಿಕ್ಕಿತು. ಮರುದಿನ ರಾತ್ರಿ ಅದು ತುಸು ಸರಿದಿತ್ತು. ಲೆವೆರಿಯೆ ಹೇಳಿದ ಸ್ಥಾನಕ್ಕೂ ಅದಕ್ಕೂ ಇದ್ದ ಅಂತರ ಒಂದು ಅಂಶಕ್ಕಿಂತ ಕಡಮೆ. ಅದೇ ನೆಪ್ಚೂನ್.

ಇಂಗ್ಲೆಂಡಿನಲ್ಲಿ ಆಡಮ್ಸ್ ಎಂಬ ತರುಣನೂ ಇದೇ ಲೆಕ್ಕವನ್ನು ಸ್ವತಂತ್ರವಾಗಿ ಮಾಡಿ 1845ರ ಶರತ್ಕಾಲದಲ್ಲಿಯೇ ಗ್ರೀನಿಚ್ಚಿಗೆ ಒಪ್ಪಿಸಿದ್ದನು. ಅವನನ್ನು ಏಯರಿ ಒಂದು ಪ್ರಶ್ನೆ ಕೇಳಿದನು. ಆಡಮ್ಸ್ ಉತ್ತರ ಬರೆಯದೆ ಕುಳಿತನು. ಕೇಂಬ್ರಿಜ್ಜಿನ ಚಾಲಿಸನು 1846ರ ಆಗಸ್ಟಿನಲ್ಲಿ ಎರಡು ಬಾರಿ ಆ ಗ್ರಹವನ್ನು ಕಂಡು ಸ್ಥಾನವನ್ನು ಗುರುತು ಹಾಕಿಕೊಂಡಿದ್ದರೂ ಗುರುತುಗಳನ್ನು ಹೋಲಿಸಿ ನೋಡಿರಲಿಲ್ಲ. ಬರ್ಲಿನ್ನಿನ ಆ ಹೊಸ ಪಟ ಅವನ ಬಳಿ ಇರಲಿಲ್ಲವೆಂಬುದನ್ನೂ ಹೇಳಬೇಕು. ಕೀರ್ತಿ ಯಾರದೆಂದು ಎರಡು ದೇಶಗಳು ಮಾಡಿದ ಜಗಳ ನಮಗೆ ಬೇಡ. ಆದರೆ ಒಂದು ಸಂಗತಿಯನ್ನು ಬಿಡಲು ಮನಸ್ಸಾಗುವುದಿಲ್ಲ. ಇವರೆಲ್ಲರಿಗಿಂತ ಮೊದಲೇ, 1612ನೆಯ ಡಿಸೆಂಬರಿನಲ್ಲಿಯೂ ಮರುತಿಂಗಳಲ್ಲಿಯೂ ಗೆಲಿಲಿಯೋ ಗುರುಗ್ರಹದ ಉಪಗ್ರಹಗಳ ಚಿತ್ರ ಬರೆಯುವಾಗ ಪಕ್ಕದಲ್ಲಿದ್ದ ನೆಪ್ಚೂನನ್ನೂ ಚುಕ್ಕೆಯಾಗಿ ಬರೆದಿದ್ದಾನೆ. ಕಣ್ಣಿಗೆ ಬಿದ್ದಿತ್ತು, ಏನೆಂದು ಗೊತ್ತಾಗಲಿಲ್ಲ. ನೋಡುವುದಕ್ಕೂ ಕಂಡುಹಿಡಿಯುವುದಕ್ಕೂ ಎಷ್ಟು ದೂರವಿದೆಯೆಂದು ಕೇಳುವವರಿಗೆ ಈ ಚುಕ್ಕೆಯನ್ನು ತೋರಿಸಬಹುದು.

ನೆಪ್ಚೂನಿನ ಪತ್ತೆಯನ್ನು ಪುಸ್ತಕಗಳು ಗಣಿತದ ಮಹಾವಿಜಯವೆಂದು ವರ್ಣಿಸುತ್ತವೆ. ವಿಜಯವೇನೋ ನಿಜ. ಆದರೆ ಅದರಲ್ಲಿ ಅದೃಷ್ಟದ ಪಾಲೂ ಇತ್ತೆಂಬುದನ್ನು ಅವು ಮೆಲ್ಲಗೆ ಹೇಳುತ್ತವೆ. ಲೆವೆರಿಯೆ, ಆಡಮ್ಸ್ ಇಬ್ಬರೂ ಗ್ರಹಗಳ ದೂರಕ್ಕೆ ಸಂಬಂಧಿಸಿದ ಬೋಡೆಯ ಸೂತ್ರವನ್ನು ನಂಬಿ, ಹೊಸ ಗ್ರಹ ಸೂರ್ಯನಿಂದ ಭೂಮಿಯ ದೂರದ ಸುಮಾರು 38ರಷ್ಟು ದೂರದಲ್ಲಿದೆಯೆಂದು ಮೊದಲು ಹಿಡಿದರು. ನಿಜವಾದ ದೂರ 30ರಷ್ಟು. ಲೆವೆರಿಯೆಯ ಲೆಕ್ಕದಲ್ಲಿ ಗ್ರಹ ಒಂದು ಸುತ್ತಿಗೆ 217 ವರ್ಷ ತೆಗೆದುಕೊಳ್ಳಬೇಕಾಗಿತ್ತು. ಅದಕ್ಕೆ ಸಾಕಾಗುವುದು 165 ವರ್ಷ. ಎಂದರೆ ಕಕ್ಷೆ ತಪ್ಪು, ದಿಕ್ಕು ಸರಿ. 1822ರ ಆಚೀಚೆಗಿನ ಕೆಲವು ದಶಕಗಳಲ್ಲಿ ಮಾತ್ರ ಕಲ್ಪಿತ ಗ್ರಹವೂ ನಿಜವಾದ ಗ್ರಹವೂ ಹೆಚ್ಚುಕಡಮೆ ಒಂದೇ ದಿಕ್ಕಿನಲ್ಲಿದ್ದವು. ಎಪ್ಪತ್ತು ಎಂಬತ್ತು ವರ್ಷ ತಡವಾಗಿ ಅದೇ ಕಕ್ಷೆಯನ್ನು ನಂಬಿ ಹುಡುಕಿದ್ದರೆ ಸಿಕ್ಕುತ್ತಿರಲಿಲ್ಲ. ಅಮೆರಿಕದ ಪಿಯರ್ಸ್ ಎಂಬ ಗಣಿತಜ್ಞನು ಇದನ್ನು ಕಾಕತಾಳೀಯವೆಂದೇ ಹೇಳಿಬಿಟ್ಟನು. ನಮಗೆ ಅದು ಅತಿಯಾದ ಮಾತೆನಿಸುತ್ತದೆ; ಯುರೇನಸ್ಸಿನ ವರ್ತನೆ ನಿಜವಾಗಿ ಹೇಳಬಲ್ಲದ್ದು ದಿಕ್ಕನ್ನೇ, ಅದನ್ನು ಅದು ಸರಿಯಾಗಿಯೇ ಹೇಳಿತು.

ಯುರೋಪಿನಲ್ಲೆಲ್ಲ ಕೀರ್ತಿ ಗಳಿಸಿದ ಲೆವೆರಿಯೆ ಮುಂದೆ ಒಂದೊಂದು ಗ್ರಹದ ಚಲನೆಯನ್ನೂ ಪರಿಷ್ಕರಿಸುವ ಕೆಲಸಕ್ಕೆ ತೊಡಗಿದನು. ಬುಧಗ್ರಹದ ಬಳಿ ಬಂದಾಗ ಮತ್ತೆ ಹಳೆಯ ಕಥೆ. ಬುಧನು 88 ದಿನಗಳಲ್ಲಿ ಸೂರ್ಯನನ್ನು ಸುತ್ತುತ್ತಾನೆ. ಅವನ ದೀರ್ಘವೃತ್ತದಲ್ಲಿ ಸೂರ್ಯನಿಗೆ ಅತ್ಯಂತ ಸಮೀಪವಾದ ಬಿಂದುವನ್ನು ರವಿನೀಚವೆನ್ನುತ್ತಾರೆ. ಇತರ ಗ್ರಹಗಳ ಸೆಳೆತದಿಂದ ಈ ಬಿಂದು ಒಂದೇ ಕಡೆ ನಿಲ್ಲದೆ ನಿಧಾನವಾಗಿ ಮುಂದೆ ಸರಿಯುತ್ತದೆ. ಈಗಿನ ಅಂಕಗಳನ್ನೇ ಹೇಳುವುದಾದರೆ, ಶುಕ್ರ, ಗುರು, ಭೂಮಿ ಮೊದಲಾದವುಗಳ ಸೆಳೆತದಿಂದ ಅದು ನೂರು ವರ್ಷಕ್ಕೆ 532 ವಿಕಲೆ ಸರಿಯಬೇಕು. ನಿಜವಾಗಿ ಸರಿಯುವುದು 575 ವಿಕಲೆ. ಲೆಕ್ಕಕ್ಕೆ ಸಿಕ್ಕದೆ ಉಳಿಯುವುದು 43. ಲೆವೆರಿಯೆ 1859ರಲ್ಲಿ ಇದನ್ನು 38 ಎಂದು ಪ್ರಕಟಿಸಿದನು; 1882ರಲ್ಲಿ ಅಮೆರಿಕದ ನ್ಯೂಕಂ ಅದನ್ನು 43 ಎಂದು ತಿದ್ದಿದನು. ಈ ಹೆಚ್ಚುವರಿ ಸರಿತದಿಂದ ಚಂದ್ರಬಿಂಬದಷ್ಟು ಅಗಲ ಸಾಗಲು ನಾಲ್ಕು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬೇಕು. ಇಷ್ಟು ಸಣ್ಣದನ್ನು ಹಿಡಿಯಲು ಸಾಧ್ಯವಾದದ್ದು ಬುಧನು ಆಗಾಗ ಸೂರ್ಯಬಿಂಬದ ಮೇಲೆ ಕಪ್ಪು ಚುಕ್ಕೆಯಾಗಿ ಹಾದುಹೋಗುವುದರಿಂದ. ಆ ಪ್ರವೇಶ ನಿರ್ಗಮನಗಳ ಕಾಲವನ್ನು ಹದಿನೇಳನೆಯ ಶತಮಾನದ ಕೊನೆಯಿಂದಲೂ ವೀಕ್ಷಕರು ಬರೆದಿಟ್ಟಿದ್ದರು.

ಒಂದು ಬಾರಿ ಗೆದ್ದವನು ಅದೇ ಪಟ್ಟನ್ನು ಹಾಕುವುದು ಸಹಜ. ಬುಧನಿಗೂ ಸೂರ್ಯನಿಗೂ ನಡುವೆ ಕಾಣದ ಗ್ರಹವೊಂದು, ಅಥವಾ ಸಣ್ಣ ಗ್ರಹಗಳ ಗುಂಪೊಂದು, ಇರಬೇಕೆಂದು ಲೆವೆರಿಯೆ ಹೇಳಿದನು. ಕೆಲವು ತಿಂಗಳಲ್ಲಿಯೇ ಅವನಿಗೊಂದು ಕಾಗದ ಬಂತು. ಫ್ರಾನ್ಸಿನ ಓರ್ಜೇರ್ ಎಂಬ ಹಳ್ಳಿಯ ವೈದ್ಯನಾದ ಲೆಸ್ಕಾರ್ಬೋ, 1859ನೆಯ ಮಾರ್ಚಿ 26ರಂದು ಸೂರ್ಯಬಿಂಬದ ಮೇಲೆ ದುಂಡಗಿನ ಕಪ್ಪು ಚುಕ್ಕೆ ಸಾಗುವುದನ್ನು ಕಂಡುದಾಗಿ ಬರೆದಿದ್ದನು. ಲೆವೆರಿಯೆ ಮುನ್ಸೂಚನೆಯಿಲ್ಲದೆ ಆ ಹಳ್ಳಿಗೆ ಹೋಗಿ ವೈದ್ಯನನ್ನು ನ್ಯಾಯಾಲಯದಲ್ಲಿ ಸಾಕ್ಷಿಯನ್ನು ಪಾಟೀಸವಾಲು ಮಾಡುವಂತೆ ಪ್ರಶ್ನಿಸಿದನು. ವೈದ್ಯನು ಬಡಗಿಕೆಲಸವನ್ನೂ ಬಲ್ಲವನು. ಲೆಕ್ಕಗಳನ್ನು ಕಾಗದದ ಬದಲು ಹಲಗೆಯ ಮೇಲೆ ಬರೆದು, ಜಾಗ ಮುಗಿದಾಗ ಉಜ್ಜುಗೊರಡಿನಿಂದ ಹೆರೆದು ಮತ್ತೆ ಬರೆಯುತ್ತಿದ್ದನೆಂದು ಆ ಕಾಲದ ವೃತ್ತಾಂತಗಳು ಹೇಳುತ್ತವೆ. ಅವನ ಸರಳತೆಯನ್ನು ಮೆಚ್ಚಿ ಲೆವೆರಿಯೆ ನಂಬಿಕೊಂಡು ಹಿಂದಿರುಗಿದನು. ಗ್ರಹಕ್ಕೆ ವಲ್ಕನ್ ಎಂಬ ಹೆಸರಾಯಿತು. ಸುತ್ತುವ ಕಾಲ ಇಪ್ಪತ್ತು ದಿನಕ್ಕೆ ಸ್ವಲ್ಪ ಕಡಮೆಯೆಂದು ಲೆಕ್ಕವಾಯಿತು. ವೈದ್ಯನಿಗೆ ಫ್ರಾನ್ಸಿನ ರಾಜಮರ್ಯಾದೆಯೂ ದೊರೆಯಿತು. ಅದೇ ಹೊತ್ತಿನಲ್ಲಿ ಬ್ರೆಜಿಲ್ ದೇಶದಲ್ಲಿ ಸೂರ್ಯನನ್ನೇ ನೋಡುತ್ತಿದ್ದ ಲಿಯೇ ಎಂಬ ಜ್ಯೋತಿರ್ವಿದನು ತನಗೆ ಅಂಥದೇನೂ ಕಾಣಲಿಲ್ಲವೆಂದು ಹೇಳಿದ ಮಾತಿಗೆ ಬೆಲೆ ಬರಲಿಲ್ಲ.

ಇಲ್ಲಿಂದ ಮುಂದೆ ನಡೆದುದೇ ನಮ್ಮ ವಿಷಯಕ್ಕೆ ಮುಖ್ಯ. ಲೆಸ್ಕಾರ್ಬೋ ಕಂಡ ಚುಕ್ಕೆ ಗ್ರಹವೇ ಆಗಿದ್ದರೂ ಅದರ ತೂಕ ಬುಧನ ತೂಕದ ಹದಿನೇಳರಲ್ಲಿ ಒಂದು ಪಾಲು ಮಾತ್ರವೆಂದು ಲೆವೆರಿಯೆಯೇ ಗಣಿಸಿದನು. ಬುಧನನ್ನು ಅಷ್ಟು ಸರಿಸಲು ಅದು ಏನೇನೂ ಸಾಲದು. ಆದರೂ ಅವನು ನಂಬಿಕೆ ಬಿಡಲಿಲ್ಲ. 1877ನೆಯ ಮಾರ್ಚಿ 22ರಂದು ವಲ್ಕನ್ ಸೂರ್ಯಬಿಂಬವನ್ನು ದಾಟಬಹುದೆಂದು ಹೇಳಿದನು. ಜ್ಯೋತಿರ್ವಿದರು ಕಾದು ನೋಡಿದರು. ಏನೂ ದಾಟಲಿಲ್ಲ. ಅದೇ ವರ್ಷದ ಸೆಪ್ಟೆಂಬರು 23ರಂದು, ಬರ್ಲಿನ್ನಿನಲ್ಲಿ ನೆಪ್ಚೂನ್ ಸಿಕ್ಕಿ ಸರಿಯಾಗಿ 31 ವರ್ಷ ತುಂಬಿದ ದಿನ, ಅವನು ತೀರಿಕೊಂಡನು. ವಲ್ಕನ್ ಇಲ್ಲವೆಂಬುದನ್ನು ಕೇಳುವ ಕಷ್ಟ ಅವನಿಗೆ ಬರಲಿಲ್ಲ.

ಸೂರ್ಯನ ಪಕ್ಕದ ಗ್ರಹವನ್ನು ಹುಡುಕಲು ಖಗ್ರಾಸ ಗ್ರಹಣಕ್ಕಿಂತ ಒಳ್ಳೆಯ ಸಮಯವಿಲ್ಲ. 1878ನೆಯ ಜುಲೈ 29ರ ಗ್ರಹಣದಲ್ಲಿ ಅಮೆರಿಕದ ವಾಟ್ಸನ್, ಸ್ವಿಫ್ಟ್ ಎಂಬ ಇಬ್ಬರು ಅನುಭವಶಾಲಿಗಳು ಅಪರಿಚಿತ ಕಾಯಗಳನ್ನು ಕಂಡೆವೆಂದು ಸಾರಿದರು. ಇಬ್ಬರು ಹೇಳಿದ ಸ್ಥಾನಗಳೂ ಒಂದಕ್ಕೊಂದು ಹೊಂದಲಿಲ್ಲ. ಅವರು ಕಂಡದ್ದು ಕರ್ಕಾಟಕ ರಾಶಿಯ ನಕ್ಷತ್ರಗಳೆಂದು ಪೀಟರ್ಸ್ ಎಂಬವನು ಕಟುವಾಗಿ ಟೀಕಿಸಿದನು. ಛಾಯಾಚಿತ್ರದ ಫಲಕ ಬಂದ ಮೇಲೆ ಕಣ್ಣಿನ ಆತುರಕ್ಕೆ ಅವಕಾಶ ಕಡಮೆಯಾಯಿತು. 1901, 1905, 1908ರ ಗ್ರಹಣಗಳಲ್ಲಿ ಲಿಕ್ ವೀಕ್ಷಣಾಲಯದವರು ಸೂರ್ಯನ ಸುತ್ತಲಿನ ಆಕಾಶದ ಚಿತ್ರಗಳನ್ನು ತೆಗೆದು ಪರೀಕ್ಷಿಸಿದರು. ಅವುಗಳಲ್ಲಿ ಕಂಡ ಚುಕ್ಕೆಗಳೆಲ್ಲ ಪರಿಚಿತ ನಕ್ಷತ್ರಗಳೇ. ಗ್ರಹಣಗಳ ಮಾತು ಬಂದುದರಿಂದ ಹೇಳುತ್ತೇವೆ: 1868ನೆಯ ಆಗಸ್ಟು 18ರ ಖಗ್ರಾಸ ಗ್ರಹಣವನ್ನು ನೋಡಲು ನಮ್ಮ ಜಮಖಂಡಿಗೆ ಬಂದಿದ್ದ ಲೆಫ್ಟಿನೆಂಟ್ ಜಾನ್ ಹರ್ಷೆಲನು ಯುರೇನಸ್ಸನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ. ಅವನು ಬಂದದ್ದು ವಲ್ಕನ್ನಿಗಾಗಿ ಅಲ್ಲ. ಸೂರ್ಯನ ಅಂಚಿನ ಕೆಂಪು ಜ್ವಾಲೆಗಳ ಬೆಳಕನ್ನು ರೋಹಿತದರ್ಶಕದಲ್ಲಿ ಬಿಡಿಸಿ ನೋಡುವುದಕ್ಕಾಗಿ. ಮೋಡಗಳ ಎಡೆಯಲ್ಲಿ ಅದನ್ನು ನೋಡಿಯೂ ಹೋದನು.

ಗ್ರಹ ಸಿಕ್ಕದಿದ್ದರೆ ನಿಯಮವನ್ನೇ ತಿದ್ದಬಹುದಲ್ಲವೆ? ಆ ಪ್ರಯತ್ನವೂ ನಡೆಯಿತು. ಮಂಗಳನ ಉಪಗ್ರಹಗಳನ್ನು ಕಂಡುಹಿಡಿದ ಆಸಫ್ ಹಾಲನು 1894ರಲ್ಲಿ ಒಂದು ಸೂಚನೆ ಕೊಟ್ಟನು. ನ್ಯೂಟನ್ನನ ನಿಯಮದಲ್ಲಿ ದೂರದ ವರ್ಗವೆಂದಿದೆ. ವರ್ಗವೆಂದರೆ ಘಾತ 2. ಅದನ್ನು 2.00000016 ಎಂದು ಮಾಡಿದರೆ ಬುಧನ ಲೆಕ್ಕ ಸರಿಹೋಗುತ್ತದೆ. ಶ್ರೋತೃಗಳಿಗೆ ಇದು ಎಲ್ಲಿಯೋ ಕೇಳಿದಂತೆ ತೋರಬಹುದು. ನಮ್ಮ ಪೂರ್ವಿಕರ ಬೀಜಸಂಸ್ಕಾರವೇ ಬೇರೆ ವೇಷದಲ್ಲಿ ಬಂದಂತಿದೆ. ಆದರೆ ಒಂದು ವ್ಯತ್ಯಾಸವುಂಟು. ಬೀಜಸಂಸ್ಕಾರವನ್ನು ಒಂದು ಗ್ರಹಕ್ಕೆ ಒಂದು ಬಗೆಯಾಗಿಯೂ ಇನ್ನೊಂದಕ್ಕೆ ಇನ್ನೊಂದು ಬಗೆಯಾಗಿಯೂ ಕೊಡಬಹುದು. ಗುರುತ್ವಾಕರ್ಷಣವನ್ನು ತಿದ್ದಿದರೆ ಅದು ಎಲ್ಲಕ್ಕೂ ಅನ್ವಯಿಸಬೇಕು. 1903ರಲ್ಲಿ ಬ್ರೌನ್ ಎಂಬ ಗಣಿತಜ್ಞನು ಚಂದ್ರನ ಚಲನೆಗೆ ಆ ತಿದ್ದುಪಾಟನ್ನು ಹಚ್ಚಿ ನೋಡಿದನು. ಚಂದ್ರನು ಒಪ್ಪಲಿಲ್ಲ. ಬುಧನಿಗೆ ಹೊಲಿದ ಅಂಗಿ ಚಂದ್ರನ ಮೈಗೆ ಬಾರದೆ ಹೋಯಿತು.

ಹೀಗೆ ವಲ್ಕನ್ನೂ ಇಲ್ಲ, ತಿದ್ದಿದ ನಿಯಮವೂ ಇಲ್ಲ. 43 ವಿಕಲೆಗಳು ಮಾತ್ರ ಹಾಗೆಯೇ ಉಳಿದವು. ಆ ಐವತ್ತು ವರ್ಷಗಳಲ್ಲಿ ನ್ಯೂಟನ್ನನ ನಿಯಮವನ್ನು ಯಾರಾದರೂ ಎಸೆದರೆ? ಇಲ್ಲ. ನಮಗೆ ಇದು ಗಮನಾರ್ಹವಾಗಿ ತೋರುತ್ತದೆ. ಒಂದೇ ಒಂದು ವಿರುದ್ಧ ಸಂಗತಿ ಸಿಕ್ಕಿದರೆ ಸಿದ್ಧಾಂತ ಬಿದ್ದುಹೋಗುತ್ತದೆಂದು ಶಾಲೆಯಲ್ಲಿ ಹೇಳಿಕೊಡುವುದುಂಟು. ವಾಸ್ತವದಲ್ಲಿ ಹಾಗೆ ನಡೆಯುವುದಿಲ್ಲ, ನಡೆಯಕೂಡದು ಕೂಡ. ಯುರೇನಸ್ಸು ಎರಡು ಕಲೆ ತಪ್ಪಿತೆಂದು 1845ರಲ್ಲಿಯೇ ನಿಯಮವನ್ನು ಕೈಬಿಟ್ಟಿದ್ದರೆ ನೆಪ್ಚೂನ್ ಸಿಕ್ಕುತ್ತಿರಲಿಲ್ಲ. ಬಿಡಿಸಲಾಗದ ಕಗ್ಗಂಟನ್ನು ಮುಚ್ಚಿಡದೆ, ಇಷ್ಟು ವಿಕಲೆ ಲೆಕ್ಕಕ್ಕೆ ಸಿಕ್ಕಿಲ್ಲವೆಂದು ಎಲ್ಲರಿಗೂ ಕಾಣುವಂತೆ ಬರೆದಿಟ್ಟು, ಇತರ ಕೆಲಸವನ್ನು ಮುಂದುವರಿಸಿದರು. ಸಾಲವನ್ನು ತೀರಿಸಲಾಗದಿದ್ದರೂ ಖಾತೆಯಿಂದ ಅಳಿಸದಿರುವ ಸಾಹುಕಾರನಂತೆ.

ಸಾಲ ತೀರಿದ್ದು 1915ರಲ್ಲಿ. ಆ ವರ್ಷದ ನವೆಂಬರಿನಲ್ಲಿ ಐನ್‌ಸ್ಟೈನನು ಬರ್ಲಿನ್ನಿನ ವಿದ್ವತ್ಸಭೆಯ ಮುಂದೆ ಗುರುತ್ವಾಕರ್ಷಣದ ಹೊಸ ಸಿದ್ಧಾಂತವನ್ನು ಮಂಡಿಸಿದನು. ಅದರಲ್ಲಿ ಗುರುತ್ವವು ಎರಡು ವಸ್ತುಗಳ ನಡುವಣ ಸೆಳೆತವಲ್ಲ. ಭಾರವಾದ ವಸ್ತುವಿನ ಸುತ್ತ ದೇಶಕಾಲಗಳೇ ಬಾಗಿರುತ್ತವೆ, ಗ್ರಹಗಳು ಆ ಬಾಗುವಿಕೆಯನ್ನು ಅನುಸರಿಸುತ್ತವೆ. ಸೂರ್ಯನಿಂದ ದೂರದಲ್ಲಿ ಹೊಸ ಲೆಕ್ಕಕ್ಕೂ ಹಳೆಯ ಲೆಕ್ಕಕ್ಕೂ ಅಂತರ ಕಾಣದು. ಹತ್ತಿರ ಬಂದಷ್ಟೂ ಕಾಣುತ್ತದೆ. ಬುಧನ ರವಿನೀಚ ಎಷ್ಟು ಸರಿಯಬೇಕೆಂದು ನವೆಂಬರು 18ರ ಲೇಖನದಲ್ಲಿ ಅವನು ಗಣಿಸಿ ತೋರಿಸಿದನು. ಬಂದ ಉತ್ತರ 43 ವಿಕಲೆ. ಹಾಲನ 2.00000016ರಂತೆ ಬುಧನಿಗೆ ಹೊಂದಲೆಂದು ಆರಿಸಿಕೊಂಡ ಅಂಕ ಇಲ್ಲಿ ಒಂದೂ ಇರಲಿಲ್ಲ. ಸೂರ್ಯನ ತೂಕ, ಬುಧನ ಕಕ್ಷೆ, ಬೆಳಕಿನ ವೇಗ, ಇವನ್ನು ಇಟ್ಟರೆ ಉತ್ತರ ತಾನಾಗಿ ಬಂತು.

ಇಷ್ಟರಿಂದಲೂ ಎಲ್ಲರೂ ಒಪ್ಪಲಿಲ್ಲ, ಅದು ಸರಿಯೇ. ಗೊತ್ತಿದ್ದ ಉತ್ತರಕ್ಕೆ ಲೆಕ್ಕ ಹೊಂದುವುದು ಒಂದು, ಗೊತ್ತಿಲ್ಲದುದನ್ನು ಮೊದಲೇ ಹೇಳುವುದು ಇನ್ನೊಂದು. ಸೂರ್ಯನ ಅಂಚಿನಲ್ಲಿ ಹಾದುಬರುವ ನಕ್ಷತ್ರದ ಬೆಳಕು 1.75 ವಿಕಲೆ ಬಾಗಬೇಕೆಂದು ಅದೇ ಸಿದ್ಧಾಂತ ಹೇಳುತ್ತಿತ್ತು. 1919ನೆಯ ಮೇ 29ರ ಗ್ರಹಣದಲ್ಲಿ ಇಂಗ್ಲೆಂಡಿನ ಜ್ಯೋತಿರ್ವಿದರು ಆಫ್ರಿಕದ ಪ್ರಿನ್ಸಿಪೆ ದ್ವೀಪದಲ್ಲಿಯೂ ಬ್ರೆಜಿಲ್ಲಿನ ಸೋಬ್ರಾಲಿನಲ್ಲಿಯೂ ಚಿತ್ರ ತೆಗೆದು ಅದನ್ನು ಅಳೆದರು. ಫಲ ಐನ್‌ಸ್ಟೈನನ ಪರವಾಗಿತ್ತು. ಮುಂದೆ ರಾಡಾರಿನ ಅಳತೆಗಳು ಬಂದ ಮೇಲೆ ಶುಕ್ರನ ಮತ್ತು ಭೂಮಿಯ ರವಿನೀಚಗಳಲ್ಲಿಯೂ ಸಿದ್ಧಾಂತ ಹೇಳಿದ ಚಿಕ್ಕ ಸರಿತಗಳು ದೃಢಪಟ್ಟವು. 1974ರಲ್ಲಿ ಪತ್ತೆಯಾದ ಜೋಡಿ ನಕ್ಷತ್ರವೊಂದರಲ್ಲಿ ಇಂಥದೇ ಬಿಂದು ವರ್ಷಕ್ಕೆ ನಾಲ್ಕು ಅಂಶಕ್ಕೂ ಮೀರಿ ಸರಿಯುತ್ತದೆ. ಬುಧನಲ್ಲಿ ನೂರು ವರ್ಷಕ್ಕೆ 43 ವಿಕಲೆ, ಅಲ್ಲಿ ಒಂದು ವರ್ಷಕ್ಕೆ ಹದಿನೈದು ಸಾವಿರ ವಿಕಲೆ! ಅಂಗಿ ಎಲ್ಲರ ಮೈಗೂ ಬಂತು. ಹಾಗೆಂದು ನ್ಯೂಟನ್ನನ ನಿಯಮ ಮೂಲೆಗೆ ಬೀಳಲಿಲ್ಲ. 1989ರಲ್ಲಿ ವಾಯೇಜರ್ ನೌಕೆ ನೆಪ್ಚೂನಿನ ಹತ್ತಿರಕ್ಕೆ ಹೋದ ದಾರಿಯ ಲೆಕ್ಕದ ಬಹುಭಾಗ ಅವನದೇ.

ಆ ನೌಕೆ ಇನ್ನೊಂದು ಹಳೆಯ ಗಂಟನ್ನೂ ಬಿಚ್ಚಿತು. ನೆಪ್ಚೂನನ್ನು ಲೆಕ್ಕಕ್ಕೆ ಸೇರಿಸಿದ ಮೇಲೂ ಯುರೇನಸ್ಸು ಕೊಂಚ ತಪ್ಪುತ್ತಿದೆಯೆಂದು ಅಮೆರಿಕದ ಲೋವೆಲ್ ಎಂಬವನು ಮತ್ತೊಂದು ಗ್ರಹವನ್ನು ಊಹಿಸಿದ್ದನು. ಅವನು ತೀರಿಕೊಂಡು ಹದಿನಾಲ್ಕು ವರ್ಷಗಳ ಮೇಲೆ, 1930ರಲ್ಲಿ, ಅವನ ವೀಕ್ಷಣಾಲಯದ ತರುಣ ಟಾಂಬೋ, ಊಹಿಸಿದ ಸ್ಥಾನಕ್ಕೆ ಸಮೀಪದಲ್ಲಿಯೇ ಪ್ಲೂಟೋವನ್ನು ಕಂಡನು. ಎಲ್ಲರೂ ಎರಡನೆಯ ನೆಪ್ಚೂನ್ ಸಿಕ್ಕಿತೆಂದರು. ಆದರೆ ಪ್ಲೂಟೋವಿನ ತೂಕ ಭೂಮಿಯ ನಾನೂರರಲ್ಲಿ ಒಂದು ಪಾಲಿಗಿಂತಲೂ ಕಡಮೆ. ಅದು ಯುರೇನಸ್ಸನ್ನು ಅಲುಗಿಸಲಾರದು. ವಾಯೇಜರಿನಿಂದ ನೆಪ್ಚೂನಿನ ತೂಕ ಮೊದಲು ಭಾವಿಸಿದ್ದಕ್ಕಿಂತ ತುಸು ಕಡಮೆಯೆಂದು ತಿಳಿದು, 1993ರಲ್ಲಿ ಸ್ಟ್ಯಾಂಡಿಷ್ ಎಂಬವನು ಅದನ್ನು ಹಾಕಿ ಮತ್ತೆ ಗಣಿಸಿದಾಗ ಯುರೇನಸ್ಸಿನ ಆ ತಪ್ಪೇ ಮಾಯವಾಯಿತು. ಕಾಣದ ಗ್ರಹವೂ ಬೇಕಿರಲಿಲ್ಲ, ಹೊಸ ನಿಯಮವೂ ಬೇಕಿರಲಿಲ್ಲ. ಒಂದು ತೂಕದ ಅಂಕ ಸರಿಯಿರಲಿಲ್ಲ. ಪ್ಲೂಟೋ ಸಿಕ್ಕಿದ್ದು ಟಾಂಬೋವಿನ ಶ್ರದ್ಧೆಯಿಂದ, ಲೋವೆಲ್ಲನ ಲೆಕ್ಕದಿಂದಲ್ಲ. ಪಿಯರ್ಸನ ಕಾಕತಾಳೀಯವೆಂಬ ಮಾತು ಸಲ್ಲುವುದು ಇಲ್ಲಿ.

ಇದೇ ಪ್ರಶ್ನೆ ಈಗ ಇನ್ನೂ ದೊಡ್ಡದಾಗಿ ನಮ್ಮ ಮುಂದೆ ಇದೆ. ಸೌರವ್ಯೂಹದಲ್ಲಿ ಒಳಗಿನ ಬುಧನು ಸೆಕೆಂಡಿಗೆ 47 ಕಿಲೋಮೀಟರು ವೇಗದಲ್ಲಿ ಸುತ್ತಿದರೆ ಹೊರಗಿನ ನೆಪ್ಚೂನ್ ಐದೂವರೆಗೂ ಕಡಮೆ ವೇಗದಲ್ಲಿ ಸುತ್ತುತ್ತದೆ; ದೂರ ಹೆಚ್ಚಿದಂತೆ ಸೆಳೆತ ಕಡಮೆಯಾಗುವುದರ ಫಲ ಇದು. ಕೋಟಿಗಟ್ಟಲೆ ನಕ್ಷತ್ರಗಳ ಸಮೂಹವಾದ ಗೆಲಕ್ಸಿಗಳಲ್ಲಿಯೂ ಹಾಗೆಯೇ ಇರಬೇಕು. 1970ರಲ್ಲಿ ವೇರಾ ರೂಬಿನ್ ಮತ್ತು ಫೋರ್ಡ್ ಎಂಬ ಇಬ್ಬರು ಆಂಡ್ರೊಮಿಡ ಗೆಲಕ್ಸಿಯನ್ನು ಅಳೆದಾಗ ಹೊರಗಿನ ಭಾಗದ ವೇಗ ನಿರೀಕ್ಷಿಸಿದಂತೆ ಇಳಿಯಲಿಲ್ಲ. ಬಳಿಕ ನೋಡಿದ ಹಲವಾರು ಗೆಲಕ್ಸಿಗಳೂ ಇದೇ ಮಾತನ್ನು ಹೇಳಿದವು. ಕಣ್ಣಿಗೆ ಕಾಣದ, ಬೆಳಕು ಬೀರದ ದ್ರವ್ಯ ಅಲ್ಲಿ ಹೇರಳವಾಗಿ ತುಂಬಿದೆಯೆಂದು ಹೆಚ್ಚಿನವರು ಹೇಳುತ್ತಾರೆ. ಇದು ನೆಪ್ಚೂನಿನ ದಾರಿ. ಸೆಳೆತ ತೀರ ದುರ್ಬಲವಾದ ಕಡೆ ನಿಯಮವೇ ಬೇರೆಯಾಗಬಹುದೆಂದು 1983ರಲ್ಲಿ ಇಸ್ರೇಲಿನ ಮಿಲ್‌ಗ್ರೋಂ ಸೂಚಿಸಿದನು. ಅದು ಇನ್ನೊಂದು ದಾರಿ. ಗೆಲಕ್ಸಿಗಳ ಗುಂಪುಗಳನ್ನು ನೋಡಿದರೆ ಮೊದಲನೆಯ ಪಕ್ಷಕ್ಕೆ ಹೆಚ್ಚು ಬಲವಿದೆಯೆಂದು ನಮಗೂ ತೋರುತ್ತದೆ. ಆದರೆ ಆ ದ್ರವ್ಯದ ಒಂದು ಕಣವನ್ನಾದರೂ ಹಿಡಿಯಬೇಕೆಂದು ಇಟಲಿಯ ಬೆಟ್ಟದ ಕೆಳಗಿನ ಸುರಂಗದಲ್ಲಿಯೂ ಅಮೆರಿಕದ ಹಳೆಯ ಚಿನ್ನದ ಗಣಿಯಲ್ಲಿಯೂ ಟನ್ನುಗಟ್ಟಲೆ ದ್ರವ ಕ್ಸೆನಾನನ್ನು ತುಂಬಿಟ್ಟು ಕಾಯುತ್ತಿರುವವರಿಗೆ ಇದನ್ನು ಬರೆಯುವ ಹೊತ್ತಿನವರೆಗೆ ಅದು ಸಿಕ್ಕಿಲ್ಲ.